ಕಬ್ಬಿಣದ ಮಾತ್ರೆ ನುಂಗುವವಳು ನಾನು, ಕೆಂಪಗಾಗುವವರು ತಾವು

ಮಗ್ಗದ ಮನೆಯ ಪೆಟ್ಟಿಗೆಯಲ್ಲಿ ಹಗಲೆಲ್ಲ ವಿಶ್ರಮಿಸುವ ಮಾನ್ಯ ರಕ್ತಪಿಪಾಸುಗಳೇ,

ದೊಡ್ಡಬಳ್ಳಾಪುರದಲ್ಲಿ ಆರು ಪವರ್‌ಲೂಮ್ ಓಡಿಸುವ ಗೋವಿಂದರಾಜು ಅವರ ಒಬ್ಬಳೇ ಮಗಳು, ಹತ್ತನೇ ತರಗತಿ 'ಬಿ' ವಿಭಾಗದ ಕೀರ್ತನ ಮಾಡುವ ನಮಸ್ಕಾರಗಳು. ಕತ್ತು ಬಗ್ಗಿಸಿದರೆ ತಮಗೆ ಅನುಕೂಲವಾದೀತೆಂಬ ಭಯದಿಂದ ನೆಟ್ಟಗೆ ನಿಂತು, ದೂರದಿಂದಲೇ ಸಲ್ಲಿಸುತ್ತಿದ್ದೇನೆ. ಅವಿಧೇಯತೆ ಎಂದು ಭಾವಿಸಬಾರದು. ಈಚೆಗೆ ತಮ್ಮ ಕೆನ್ನೆಗೆ ಬಂದಿರುವ ಬಣ್ಣ ನೋಡಿದರೆ ತಾವು ಕ್ಷೇಮವೆಂದು ಕೇಳದೆಯೇ ತಿಳಿಯುತ್ತದೆ. ನಾನು ಕ್ಷೇಮವಿಲ್ಲ. ಮನೆಯವರಿಗೆ ಮೂರು ಸಲ ಹೇಳಿಯೂ ಯಾರೂ ನಂಬದ ಕಾರಣ ಈ ಪತ್ರವನ್ನು ಮಗ್ಗದ ಮನೆಯ ಬಾಗಿಲಿಗೆ, ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಿದ್ದೇನೆ.

ತಾವು ನಮ್ಮ ಮನೆ ಹೊಕ್ಕಿದ್ದರಲ್ಲಿ ತಮ್ಮದೇನೂ ತಪ್ಪಿಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಕರೆಯದೆ ಯಾರ ಮನೆಗೂ ಕಾಲಿಡಬಾರದೆಂಬ ತಮ್ಮ ಕುಲದ ಕಟ್ಟುಪಾಡು ನಮ್ಮ ಬಂಧುಬಳಗದಲ್ಲಿ ಎಷ್ಟೋ ಜನಕ್ಕೆ ಇಲ್ಲ. ಆಷಾಢದ ಆ ಸಂಜೆ, ಸೂರತ್ತಿನಿಂದ ಬಂದ ಹಳೆಯ ಮಗ್ಗದ ಜೊತೆ, ರಾತ್ರಿ ಪಾಳಿಯ ಕೆಲಸಗಾರನೆಂದು ಲಾರಿಯಿಂದ ಇಳಿದ ತಾವು ಆ ಕಟ್ಟುಪಾಡಿನಂತೆ ಹೊಸ್ತಿಲ ಮೇಲೆ ಸುಮ್ಮನೆ ನಿಂತಿರಿ. ಆದರೆ ದೀಪ ಹಚ್ಚುವ ಹೊತ್ತಿನಲ್ಲಿ ಹೊಸ್ತಿಲ ಮೇಲೆ ನಿಂತರೆ ಲಕ್ಷ್ಮಿ ಬರುವ ದಾರಿಗೆ ಅಡ್ಡವೆಂಬುದು ನಮ್ಮಜ್ಜಿ ಅಕ್ಕಯಮ್ಮನವರ ಕಾನೂನು. "ಮುಸ್ಸಂಜೇಲಿ ಹೊಸ್ಲು ಮೇಲೆ ನಿಂತ್ಕೋಬಾರ್ದು ಕಣಪ್ಪಾ, ಒಳಗ್ ಬಾ" ಎಂದು ಗದರಿಯೇ ಬಿಟ್ಟರು. ಲಕ್ಷ್ಮಿಗೆ ದಾರಿ ಮಾಡಲು ಹೋಗಿ ತಮ್ಮನ್ನು ಬರಮಾಡಿಕೊಂಡರು. ಅಷ್ಟೇ ಅಲ್ಲ, ತಮ್ಮ ಮುಖ ನೋಡಿ, "ಪಾಪ, ಮೈಯಲ್ಲಿ ಒಂದ್ ತೊಟ್ಟು ರಕ್ತ ಇಲ್ಲ ಮಗೀಗೆ" ಎಂದು ಮರುಗಿ, ದೊಡ್ಡ ಲೋಟದ ತುಂಬ ರಾಗಿ ಗಂಜಿ ಕೊಟ್ಟರು. ಅಜ್ಜಿಯ ಕಣ್ಣು ಎಷ್ಟು ಸೂಕ್ಷ್ಮವೆಂದು ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತು.

ತಮ್ಮ ನಾಲಿಗೆಯ ರುಚಿಯನ್ನೂ ಮೆಚ್ಚಲೇಬೇಕು. ತಾತ ಚಿಕ್ಕವೆಂಕಟಪ್ಪನವರಿಗೆ ಸಕ್ಕರೆ ಕಾಯಿಲೆ, ಅವರದು ಅತಿಯಾದ ಸಿಹಿ. ಅಪ್ಪನ ಮೈಯಲ್ಲಿ ಹರಿಯುವುದು ಬಹುಪಾಲು ಟೀ. ಹಾಗಾಗಿ ಸಂಜೆ ಏಳಕ್ಕೆ ಕರೆಂಟ್ ಹೋಗಿ, ಮಗ್ಗಗಳು ಬಾಯಿ ಮುಚ್ಚಿ, ನಾನು ಸಮಾಜ ವಿಜ್ಞಾನದ ಪುಸ್ತಕದ ಮೇಲೆ ತೂಕಡಿಸುವ ಆ ಮುಕ್ಕಾಲು ಗಂಟೆಯನ್ನು ತಾವು ಆರಿಸಿಕೊಂಡಿರುವುದು ತಮ್ಮ ಅನುಭವಕ್ಕೆ ತಕ್ಕದ್ದೇ. ತಮ್ಮವರು ಬೆಳ್ಳುಳ್ಳಿಗೆ ಹೆದರುತ್ತಾರೆಂದು ಎಲ್ಲೋ ಓದಿ, ಹುರುಳಿಕಾಳಿನ ಬಸ್ಸಾರಿಗೆ ಒಂದು ಗಡ್ಡೆ ಹೆಚ್ಚಾಗಿಯೇ ಜಜ್ಜಿ ಹಾಕಿದೆ. ತಾವು ಎರಡನೇ ಸಲ ಬಡಿಸಿಕೊಂಡು, ಕೈಬೆರಳು ನೆಕ್ಕಿದಿರಿ.

ಇಷ್ಟಕ್ಕೇ ನಾನು ಪತ್ರ ಬರೆಯುವವಳಲ್ಲ. ಆದರೆ ನಾನು ನಮ್ಮ ಶಾಲೆಯ ಖೋ ಖೋ ತಂಡದ ಮೊದಲ ಓಟಗಾರ್ತಿ. ಇದೇ ಇಪ್ಪತ್ತೊಂದಕ್ಕೆ ನಮ್ಮೂರಿನಲ್ಲೇ ಜಿಲ್ಲಾ ಮಟ್ಟದ ಪಂದ್ಯ. ಹೋದ ವರ್ಷ ಒಬ್ಬಳು ಕಂಬದ ಹತ್ತಿರ ತಲೆ ತಿರುಗಿ ಬಿದ್ದ ಮೇಲೆ, ಹಿಮೋಗ್ಲೋಬಿನ್ ಹನ್ನೊಂದು ಇಲ್ಲದವರನ್ನು ನಮ್ಮ ದೈಹಿಕ ಶಿಕ್ಷಕರಾದ ಮುನಿರಾಜ್ ಸರ್ ಅಂಕಣಕ್ಕೇ ಇಳಿಸುವುದಿಲ್ಲ. ಜೂನ್‌ನಲ್ಲಿ ನನ್ನದು ಹನ್ನೆರಡಿತ್ತು. ಈ ತಿಂಗಳ ಮೊದಲಲ್ಲಿ ಶಾಲೆಗೆ ಬಂದ ನರ್ಸಮ್ಮ ಬೆರಳು ಚುಚ್ಚಿ ನೋಡಿದರೆ ಎಂಟು ಪಾಯಿಂಟ್ ಎರಡು. ಆ ಚುಚ್ಚಿದ ಜಾಗದಿಂದ ರಕ್ತ ಬರುವುದಕ್ಕೇ ಎರಡು ನಿಮಿಷ ಹಿಡಿಯಿತು.

ಅಂದಿನಿಂದ ಶಾಲೆಯಲ್ಲಿ ಸೋಮವಾರ ಕೊಡುವ ಕಬ್ಬಿಣದ ಮಾತ್ರೆ, ದಿನಾ ನುಗ್ಗೆಸೊಪ್ಪು, ಬೀಟ್‌ರೂಟ್, ಖರ್ಜೂರ, ಕಡಲೆಬೀಜ ಬೆಲ್ಲ ಎಲ್ಲವನ್ನೂ ಉಸಿರು ಬಿಗಿಹಿಡಿದು ತಿನ್ನುತ್ತಿದ್ದೇನೆ. ಬೆಳಿಗ್ಗೆ ನಾನು ತುಂಬಿಸಿದ್ದನ್ನು ಸಂಜೆ ತಾವು ಖಾಲಿ ಮಾಡುತ್ತೀರಿ. ವೈದ್ಯರು ಜಂತುಹುಳುವೆಂದು ಮಾತ್ರೆ ಕೊಟ್ಟರು. ಆ ಮಾತ್ರೆಯಿಂದಲೂ ತಾವು ಉದುರಲಿಲ್ಲ. ಅಮ್ಮ ಆಶಾರಾಣಿಯವರು "ಎಲ್ಲಾ ಆ ಮೊಬೈಲಿಂದಾನೇ" ಎಂದು ಫೋನ್ ಕಿತ್ತಿಟ್ಟುಕೊಂಡಿದ್ದಾರೆ. ಕತ್ತಿನ ಮೇಲಿನ ಎರಡು ತೂತು ತೋರಿಸಿದರೆ, ಸೊಳ್ಳೆ ಕಣೇ ಎನ್ನುತ್ತಾರೆ. ಮಾನ್ಯರೇ, ತಮ್ಮಂಥ ದೊಡ್ಡ ಮನೆತನದವರನ್ನು ಸೊಳ್ಳೆಯೆಂದಾಗ ನನಗೇ ಬೇಸರವಾಯಿತು. ಆದರೆ ಶನಿವಾರ, ಗೆಳತಿಯರೆಲ್ಲ ಹೊಸ ಜೆರ್ಸಿ ಹಾಕಿಕೊಂಡು ಫೋಟೊಗೆ ನಿಂತಾಗ ಸರ್ ನನ್ನ ಕೈಗೆ ನೀರಿನ ಬಾಟಲಿಗಳನ್ನು ಕೊಟ್ಟರು. ಆರನೇ ತರಗತಿಯಿಂದ ನಾನು ಕಾಯುತ್ತಿದ್ದ ಜೆರ್ಸಿ ಅದು. ಶೌಚಾಲಯದ ಹಿಂದೆ ಹೋಗಿ ಬಿಕ್ಕಿ ಬಿಕ್ಕಿ ಅತ್ತೆ.

ಆದ್ದರಿಂದ ಕೆಲವು ವಿನಂತಿಗಳು. ಈಗ ಶ್ರಾವಣ. ನಮ್ಮ ಮನೆಯಲ್ಲಿ ಈ ತಿಂಗಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಒಂದೇ ಸೂರಿನಡಿ ಇದ್ದು, ಅಜ್ಜಿಯ ಕೈಯಡುಗೆ ಉಂಡು, ತಾವೊಬ್ಬರೇ ಹೀಗೆ ನಿತ್ಯ ಮಾಂಸಾಹಾರ ನಡೆಸುವುದು ಶೋಭೆಯೇ? ಶ್ರಾವಣ ಮುಗಿಯುವವರೆಗೆ ಬೀಟ್‌ರೂಟ್ ರಸದಲ್ಲಿ ಕಾಲ ಹಾಕಬೇಕು. ಬಣ್ಣದಲ್ಲಿ ವ್ಯತ್ಯಾಸ ಕಾಣದು. ಅದಾಗದಿದ್ದರೆ, ಕುಡಿದದ್ದರಲ್ಲಿ ಅರ್ಧ ಲೀಟರನ್ನಾದರೂ ಹತ್ತೊಂಬತ್ತಕ್ಕೆ ಮತ್ತೆ ನಡೆಯುವ ರಕ್ತಪರೀಕ್ಷೆಗೆ ಮುಂಚೆ, ಬಂದ ದಾರಿಯಲ್ಲೇ ಹಿಂತಿರುಗಿಸಬೇಕು. ಅದೂ ಆಗದಿದ್ದರೆ, ಅಂದು ನರ್ಸಮ್ಮನ ಮುಂದೆ ನನ್ನ ಬದಲು ತಾವೇ ಬೆರಳು ಚಾಚಬೇಕು. ಅಲ್ಲಿರುವುದು ಹೇಗಿದ್ದರೂ ನನ್ನದೇ ರಕ್ತ.

ತಮ್ಮ ಮೇಲೆ ನನಗೆ ದ್ವೇಷವಿಲ್ಲ. ಹಸಿವು ಯಾರನ್ನೂ ಬಿಟ್ಟಿಲ್ಲ. ಆದರೆ ನನಗೆ ಓಡಬೇಕು, ಅಷ್ಟೇ.

ಬಿಳಿಚಿಕೊಂಡಿದ್ದರೂ ಸದ್ಯಕ್ಕೆ
ತಮ್ಮ ವಿಶ್ವಾಸಿ,
ಜಿ. ಕೀರ್ತನ

ಮರೆತ ಮಾತು: ಪಂದ್ಯಕ್ಕೆ ಹೊಸಕೋಟೆ ತಂಡದ ಹನ್ನೆರಡು ಹುಡುಗಿಯರು ಎರಡು ದಿನ ಮುಂಚೆಯೇ ಬಂದು ನಮ್ಮೂರಲ್ಲಿ ಉಳಿಯುತ್ತಾರಂತೆ. ಅವರು ಎಲ್ಲಿ ಇಳಿದುಕೊಳ್ಳುತ್ತಾರೆಂದು ತಮಗೆ ತಿಳಿಸುವುದು ಕ್ರೀಡಾ ಮನೋಭಾವಕ್ಕೆ ತಕ್ಕದ್ದಲ್ಲವಾದ್ದರಿಂದ ನಾನು ಖಂಡಿತ ತಿಳಿಸುವುದಿಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಕಲ್ಯಾಣ ಮಂಟಪ, ಮೊದಲನೇ ಮಹಡಿ. ಅವರ ಕ್ಯಾಪ್ಟನ್ ಚಂದನಳ ಹಿಮೋಗ್ಲೋಬಿನ್ ಹದಿಮೂರೂವರೆ.