ಅತ್ತೆಯ ಮಂಡಿಗಾಗಿ ಒಂದು ಕಾರು

ಇನ್ನು ಮುಂದೆ ತಮ್ಮ ಮನೆಯಲ್ಲಿ ಯಾರೂ ಕಾರು ಹತ್ತುವಾಗ "ಅಯ್ಯೋ" ಎನ್ನಬಾರದು, ಇಳಿಯುವಾಗ "ಅಮ್ಮಾ" ಎನ್ನಬಾರದು ಎಂದು ಪಣ ತೊಟ್ಟೇ ಹಲ್ಲಿನ ಡಾಕ್ಟರು ಹೊಸ ಕಾರು ಕೊಂಡರು. ಅಂಥಿಂಥ ಕಾರಲ್ಲ. ಎಂಜಿನ್ ನಿಲ್ಲಿಸಿದರೆ ಸಾಕು, ಸೀಟು ತಾನಾಗಿ ಪೂರ್ತಿ ಹಿಂದಕ್ಕೆ ಸರಿದು, ಸ್ಟಿಯರಿಂಗ್ ಮೇಲೆದ್ದು, ಮಹಾಸ್ವಾಮಿಗಳು ಇಳಿಯೋಣವಾಗಲಿ ಎಂಬಂತೆ ದಾರಿ ಬಿಡುತ್ತಿತ್ತು. ಮತ್ತೆ ಎಂಜಿನ್ ಶುರು ಮಾಡಿದರೆ ತನ್ನ ಜಾಗಕ್ಕೆ ಮರಳುತ್ತಿತ್ತು. ಬಾಗಿಲ ಒಳಮೈಯಲ್ಲಿ ಒಂದು, ಎರಡು, ಮೂರು ಎಂಬ ಗುಂಡಿಗಳು. ಒಬ್ಬೊಬ್ಬರು ಹೇಗೆ ಕೂರುತ್ತಾರೆ ಎಂಬುದನ್ನು ಸೀಟು ಒಂದೊಂದು ಗುಂಡಿಯಲ್ಲಿ ನೆನಪಿಟ್ಟುಕೊಳ್ಳುತ್ತದೆ. ಮದುವೆಯಾದ ದಿನವನ್ನೇ ನೆನಪಿಡಲಾಗದ ಡಾಕ್ಟರಿಗೆ ಇದು ಪವಾಡವಾಗಿ ಕಂಡಿತು.

ಎಲ್ಲಾ ನಮ್ಮತ್ತೆಯವರ ಮಂಡಿಗೋಸ್ಕರ ಎಂದು ಬಾಯಿ ತೆರೆದು ಮಲಗಿದ ಪ್ರತಿ ರೋಗಿಗೂ ಹೇಳಿದರು. ಬಾಯಿ ತುಂಬ ಹತ್ತಿ ಇಟ್ಟುಕೊಂಡವರು ಯಾರೂ ವಾದಕ್ಕೆ ಇಳಿಯಲಿಲ್ಲ.

ವಾದಿಸಲು ವಿಷಯವೇನೋ ಇತ್ತು. ಈ ಉಪಚಾರವೆಲ್ಲ ಇದ್ದದ್ದು ಓಡಿಸುವವರ ಸೀಟಿಗೆ ಮಾತ್ರ. ಓಡಿಸುತ್ತಿದ್ದವರು ಡಾಕ್ಟರು ಮಾತ್ರ. ಹೆಂಡತಿಗೂ ಲೈಸೆನ್ಸ್ ಇತ್ತು, ಎರಡನೇ ಗುಂಡಿಯೂ ಅವಳದೇ. ಆದರೆ ಅವಳು ಓಡಿಸಿದಾಗಲೆಲ್ಲ ಡಾಕ್ಟರು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿದು ತುಳಿದು ಕಾಲಡಿಯ ಮ್ಯಾಟನ್ನೇ ಸವೆಸಿದ್ದರಿಂದ, ಅವಳಾಗಿಯೇ ಕೈಬಿಟ್ಟಿದ್ದಳು.

ಅತ್ತೆಯವರು ಕೂರುತ್ತಿದ್ದದ್ದು ಸರಿಯಾಗಿ ಡಾಕ್ಟರ ಬೆನ್ನ ಹಿಂದೆ. ಬೇರೆ ದಾರಿ ಇರಲಿಲ್ಲ. ಡಾಕ್ಟರು ಕಾರನ್ನು ಪೋರ್ಟಿಕೋದ ಗೋಡೆಗೆ ಒರಗಿಸಿದ ಹಾಗೆ ನಿಲ್ಲಿಸುತ್ತಿದ್ದರಿಂದ ಆ ಕಡೆಯ ಬಾಗಿಲುಗಳು ತೆರೆಯುತ್ತಿರಲಿಲ್ಲ. ಹೆಂಡತಿಯಾದರೋ ಗೇಟಿನಾಚೆ ಬೀದಿಯಲ್ಲಿ ನಿಂತು ಹತ್ತುತ್ತಿದ್ದಳು. ಹೀಗಾಗಿ ಹೋದಲ್ಲೆಲ್ಲ ಎಂಜಿನ್ ನಿಂತೊಡನೆ ಡಾಕ್ಟರ ಸೀಟು ರಾಜಗಾಂಭೀರ್ಯದಿಂದ ಹಿಂದಕ್ಕೆ ಬಂದು, ಯಾವ ಮಂಡಿಗಳಿಗಾಗಿ ಆ ಕಾರು ಮನೆಗೆ ಬಂದಿತ್ತೋ ಅದೇ ಮಂಡಿಗಳನ್ನು ಅಮುಕುತ್ತಿತ್ತು.

"ಅಳಿಯಂದಿರೇ, ಮಂಡಿ..."

"ಏನಿಲ್ಲ ಅತ್ತೆ. ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ."

ಸೂಜಿ ಚುಚ್ಚುವ ಮುಂಚೆ ರೋಗಿಗಳಿಗೆ ಹೇಳಿ ಹೇಳಿ ಡಾಕ್ಟರ ನಾಲಿಗೆಗೆ ಅಂಟಿಕೊಂಡ ಮಾತು ಅದು.

ಕೆಲವು ದಿನಗಳಲ್ಲಿ ಅತ್ತೆ ದೂರುವುದನ್ನು ಬಿಟ್ಟರು. ಡಾಕ್ಟರು ಅದನ್ನು ಕಾರಿನ ಗೆಲುವೆಂದು ತಿಳಿದರು. ಅದೇ ಸುಮಾರಿಗೆ ಹೆಂಡತಿಗೆ ಗಂಡನ ಹೊಟ್ಟೆಯ ಬಗ್ಗೆ ಕಾಳಜಿ ಉಕ್ಕಿತು. ಕ್ಲಿನಿಕ್ಕೇನು ದೂರವೇ, ನಡೆದು ಹೋದರೆ ಸ್ವಲ್ಪವಾದರೂ ಕರಗೀತು ಎಂದಳು. ಡಾಕ್ಟರು ಕನ್ನಡಿಯಲ್ಲಿ ಅಡ್ಡಡ್ಡ ನಿಂತು ನೋಡಿಕೊಂಡು ಒಪ್ಪಿದರು. ಕಾರು ಮನೆಯಲ್ಲೇ ಉಳಿಯಿತು.

ಒಂದು ರಜೆಯ ಬೆಳಿಗ್ಗೆ ಡಾಕ್ಟರು ಕಾರಿನ ಬಾಗಿಲು ತೆರೆದು ಒಳಮೈ ಒರೆಸುತ್ತಿದ್ದಾಗ ಬಟ್ಟೆಯ ಅಂಚಿನಲ್ಲಿ ಮೂರನೇ ಗುಂಡಿ ಒತ್ತಿಹೋಯಿತು. ಸೀಟಿಗೆ ಜೀವ ಬಂತು. ಮುಂದಕ್ಕೆ ಹೋಯಿತು. ಇನ್ನೂ ಮುಂದಕ್ಕೆ ಹೋಯಿತು. ಆಮೇಲೆ ಮೇಲಕ್ಕೇರಿತು. ಬೆನ್ನೊರಗು ಗೋಡೆಯಂತೆ ನೆಟ್ಟಗಾಯಿತು. ಕೊನೆಗೆ ಹೊರಗಿನ ಕನ್ನಡಿ ಕೂಡ ಕತ್ತು ತಗ್ಗಿಸಿ ಯಾರೋ ಗಿಡ್ಡನೆಯವರ ಮುಖ ಹುಡುಕಿತು.

ಡಾಕ್ಟರ ಕೈಯಿಂದ ಬಟ್ಟೆ ಜಾರಿತು. ಮೂರನೇ ಗುಂಡಿಯಲ್ಲಿ ಅವರು ಯಾರನ್ನೂ ಕೂರಿಸಿರಲಿಲ್ಲ. ಖಾಲಿ ಇರಬೇಕಾದಲ್ಲಿ ಒಬ್ಬ ಮನುಷ್ಯ ಇದ್ದ! ತಮ್ಮ ಕಾರಿನಲ್ಲಿ, ತಮ್ಮ ಸೀಟಿನಲ್ಲಿ, ತಮಗೆ ಗೊತ್ತಿಲ್ಲದ ಒಂದು ಬೆನ್ನು! ಸೀಟು ಮುಂದಕ್ಕೆ ಹೋದಷ್ಟೂ ಸಿಟ್ಟು ಮೇಲಕ್ಕೆ ಬಂತು.

ಬಾಯಿಯ ಅಚ್ಚು ತೆಗೆದು ಹಲ್ಲು ಕಟ್ಟುವ ತಮಗೆ ಮೈಯ ಅಚ್ಚು ನೋಡಿ ಕಳ್ಳನನ್ನು ಹಿಡಿಯುವುದು ಯಾವ ಮಹಾ ಎಂದು ಅವರು ತನಿಖೆಗೆ ಇಳಿದರು. ಕ್ಲಿನಿಕ್ಕಿನ ಸಿಸ್ಟರನ್ನು ಕರೆಸಿ ಸೀಟಿನಲ್ಲಿ ಕೂರಿಸಿ ನೋಡಿದರು. ಆಕೆ ಮಡಚಿದ ಕೊಡೆಯಂತೆ ಸಿಕ್ಕಿಕೊಂಡು, ಬಿಡಿಸಿಕೊಂಡು, ಬಂದ ಬಸ್ಸಿನಲ್ಲೇ ಹಿಂದಿರುಗಿದಳು. ಹೆಂಡತಿ ಮಾತ್ರ ಪರೀಕ್ಷೆಗೆ ಕೂರಲು ಒಪ್ಪಲಿಲ್ಲ. ತನಗೆ ಎರಡಿದೆ, ಮೂರೇಕೆ ಬೇಕು ಎಂದು ಕೇಳಿ ಒಗೆದ ಬಟ್ಟೆ ಹರವಲು ಮಹಡಿಗೆ ಹೋದಳು. ಅತ್ತೆಯವರ ವಿಷಯದಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಅವರು ಸೋಫಾದಿಂದ ಏಳಬೇಕಾದರೇ ಇಬ್ಬರು ಕೈ ಕೊಡಬೇಕಿತ್ತು.

"ಕಳ್ಳ ಇರಬಹುದು," ಎಂದರು ಅತ್ತೆ ಬಿಸಿ ಟೀ ಊದಿ ಆರಿಸುತ್ತ.

"ಕಳ್ಳ ಆದ್ರೆ ಕಾರು ವಾಪಸ್ ತಂದು ಯಾಕೆ ನಿಲ್ಲಿಸ್ತಾನೆ ಅತ್ತೆ? ಅದೂ ನನಗಿಂತ ನೆಟ್ಟಗೆ?"

"ಮನೆತನಸ್ಥ ಕಳ್ಳ," ಎಂದು ಅತ್ತೆ ಟೀ ಹೀರಿದರು.

ಉಳಿದದ್ದು ಒಂದೇ ಉಪಾಯ. ಕಳ್ಳನ ಭಂಗಿಯಲ್ಲಿ ತಾವೇ ಕೂತು ನೋಡಿದರೆ ಮನುಷ್ಯ ಎಂಥವನೆಂದು ಹೊಳೆಯಬಹುದು. ಡಾಕ್ಟರು ಹೋಗಿ ತಮ್ಮ ಸೀಟಿನಲ್ಲಿ ಕೂತರು, ಬಾಗಿಲು ಎಳೆದುಕೊಂಡರು, ಎಂಜಿನ್ ಶುರು ಮಾಡಿದರು, ಮೂರನ್ನು ಒತ್ತಿದರು.

ಸೀಟು ಅವರನ್ನು ಹೊತ್ತುಕೊಂಡು ಹೊರಟಿತು. ಹೊಟ್ಟೆ ಸ್ಟಿಯರಿಂಗಿಗೆ ಮುಟ್ಟಿತು, ತಗ್ಗಿತು, ಇನ್ನು ತಗ್ಗಲು ಏನೂ ಉಳಿಯದಂತಾಯಿತು. ಸೀಟು ಮಾತ್ರ ನಿಲ್ಲಲಿಲ್ಲ. ತಲೆ ಚಾವಣಿಗೆ ಒತ್ತಿತು. ಹೊಟ್ಟೆ ಹಾರನ್ನಿನ ಮೇಲೆ ಕೂತು ಬೀದಿ ತುಂಬ ಕೂಗತೊಡಗಿತು. ಕನ್ನಡಕ ಎಲ್ಲೋ ಬಿತ್ತು. ಗಾಬರಿಯಲ್ಲಿ ತಡಕಾಡಿ ಒತ್ತಿದ ಗುಂಡಿಯೆಲ್ಲ ಮತ್ತೆ ಮತ್ತೆ ಮೂರೇ ಆಯಿತು. ಎದುರು ಮನೆಯ ಕಿಟಕಿಗಳು ತೆರೆದವು. ಗೇಟಿನ ಹೊರಗೆ ಜನ ಸೇರಿದರು. ನಿತ್ಯ ಇನ್ನೊಬ್ಬರನ್ನು ಕುರ್ಚಿಗೆ ಒತ್ತಿ ಹಿಡಿಯುವ ಡಾಕ್ಟರನ್ನು ಒಂದು ಕುರ್ಚಿ ಒತ್ತಿ ಹಿಡಿದಿತ್ತು.

ಮಸುಕು ಕಣ್ಣಿಗೆ ಮನೆಯ ಬಾಗಿಲಿನಿಂದ ಯಾರೋ ಓಡಿ ಬರುವುದು ಕಂಡಿತು. ಮೆಟ್ಟಿಲಿಳಿದು, ಹೂಕುಂಡ ಸುತ್ತಿಕೊಂಡು, ನಿಜವಾಗಿ ಓಡಿ! ಆ ವ್ಯಕ್ತಿ ಕಾರಿನ ಬಾಗಿಲು ತೆರೆದು, ಗುಂಡಿಗಳತ್ತ ನೋಡದೆಯೇ ಒಂದನೆಯದನ್ನು ಒತ್ತಿತು.

"ಉಸಿರು ಬಿಡಿ ಅಳಿಯಂದಿರೇ. ಅದೇ ಹಿಂದಕ್ಕೆ ಹೋಗುತ್ತೆ."

ಸೀಟು ಹಿಂದಕ್ಕೆ ಹೋಯಿತು. ಹಾರನ್ ನಿಂತಿತು. ಡಾಕ್ಟರ ಬಾಯಿ ಮಾತ್ರ ತೆರೆದೇ ಇತ್ತು. ಅವರ ರೋಗಿಗಳು ಕೂಡ ಅಷ್ಟು ಚೆನ್ನಾಗಿ ತೆರೆದವರಲ್ಲ.

"ಅತ್ತೆ... ನಿಮ್ಮ ಮಂಡಿ..."

"ಈಗ ಪರವಾಗಿಲ್ಲ," ಎಂದರು ಅತ್ತೆ, ಕಾಲಡಿಯಿಂದ ಕನ್ನಡಕ ಹೆಕ್ಕಿ ಕೊಡುತ್ತ. "ನನ್ನ ಮಂಡಿಗೋಸ್ಕರ ತಂದ ಕಾರು ಅಂತ ನೀವೇ ಹೇಳಿದ್ರಿ. ಹಿಂದೆ ಕೂತು ನೋಡಿದೆ, ಆಗಲಿಲ್ಲ. ಸುಖ ಇರೋದು ಮುಂದಿನ ಆ ಒಂದು ಸೀಟಲ್ಲಿ. ಮಧ್ಯಾಹ್ನದ ಹೊತ್ತು ಅಲ್ಲೇ ಹೋಗಿ ಕೂತೆ. ಅಲ್ಲಿ ಕೂತ್ಮೇಲೆ ಸುಮ್ನೆ ಹೇಗೆ ಕೂರೋದು? ಮಗಳು ಪಕ್ಕದಲ್ಲಿ ಕೂತು ಓಡಿಸೋದು ಕಲಿಸಿದಳು. ನಾಳೆ ಲೈಸೆನ್ಸ್ ಪರೀಕ್ಷೆ ಇದೆ. ಈ ಕಾರಲ್ಲೇ ಅಭ್ಯಾಸ ಆಗಿರೋದು. ಕೊಡ್ತೀರಾ?"

ಕೊಡುವುದಿಲ್ಲ ಎನ್ನಲು ಡಾಕ್ಟರು ಹಲ್ಲು ಕಚ್ಚಿ ಸಿದ್ಧರಾದರು. ಅಷ್ಟರಲ್ಲಿ ಗೇಟಿನ ಹೊರಗಿನ ಗುಂಪಿನಿಂದ, ಹೋದ ವಾರವಷ್ಟೇ ದವಡೆ ಹಲ್ಲು ಕೀಳಿಸಿಕೊಂಡಿದ್ದವರೊಬ್ಬರು ಕತ್ತು ಚಾಚಿದರು.

"ಕೊಡದೆ ಇರ್ತಾರಾ? ಅತ್ತೆ ಮಂಡಿಗೆ ಅಂತಲೇ ತಂದಿರೋದು. ನನ್ನ ಬಾಯಲ್ಲಿ ಹತ್ತಿ ತುರುಕಿ ಅವರೇ ಹೇಳಿದ್ರು."

ಬಾಯಿಂದ ಹತ್ತಿ ತೆಗೆದ ಮೇಲೆ ರೋಗಿಗಳು ಮಾತಾಡುತ್ತಾರೆ ಎಂಬುದು ಡಾಕ್ಟರಿಗೆ ಹೊಳೆದಿರಲೇ ಇಲ್ಲ. ಕಾರಿನ ಕೀಲಿ ಅತ್ತೆಯ ಕೈ ಸೇರಿತು. ಅತ್ತೆ ತಮ್ಮ ಚೀಲದಿಂದ ಕೆಂಪು ಎಲ್ ಬೋರ್ಡ್ ತೆಗೆದು, ಪಳಗಿದ ಕೈಯಿಂದ ಕಾರಿನ ಬೆನ್ನಿಗೆ ಅಂಟಿಸಿದರು.

ಮರುದಿನ ಮುಂದೆ ತಾಯಿ, ಪಕ್ಕದಲ್ಲಿ ಮಗಳು. ಡಾಕ್ಟರು ಹಿಂದೆ. ತುಳಿಯಲು ಅಲ್ಲಿ ಬ್ರೇಕಿನ ಭ್ರಮೆಗೂ ಅವಕಾಶವಿರಲಿಲ್ಲ. ಅತ್ತೆ ಪರೀಕ್ಷೆಯಲ್ಲಿ ಪಾಸಾದರು. ಎಂಟರ ಆಕಾರದ ದಾರಿಯಲ್ಲಿ ಒಂದು ಕಂಬವನ್ನೂ ಮುಟ್ಟದೆ ಬಂದರೆಂದು ಪರೀಕ್ಷೆ ಮಾಡಿದವರೇ ಕೈ ಕುಲುಕಿದರು. ಮನೆಗೆ ಮರಳುವಾಗ ಡಾಕ್ಟರು, ಸೋತರೂ ಒಂದು ಲಾಭವಾಯಿತೆಂದು ಸಮಾಧಾನಪಟ್ಟುಕೊಂಡರು. ಅತ್ತೆಯವರ ಸೀಟು ಅಷ್ಟು ಮುಂದೆ ಇದ್ದದ್ದರಿಂದ ಅದರ ಹಿಂದೆ ಮೈದಾನದಷ್ಟು ಜಾಗ. ಅವರು ಅಲ್ಲಿಗೇ ಸರಿದು, ಕಾಲು ಚಾಚಿ, ಕಣ್ಣು ಮುಚ್ಚಿ, ತಮ್ಮನ್ನು ಯಾರೋ ಓಡಿಸಿಕೊಂಡು ಹೋಗುವುದರಲ್ಲೂ ಸುಖವಿದೆ ಎಂದು ಒಪ್ಪಿಕೊಂಡರು.

ಕಾರು ಪೋರ್ಟಿಕೋದ ನಟ್ಟನಡುವೆ, ಗೆರೆ ಎಳೆದಂತೆ ನಿಂತಿತು. ಎಂಜಿನ್ ಆರಿತು. ಮುಂದಿನ ಸೀಟು ಮೆಲ್ಲಗೆ, ಗಂಭೀರವಾಗಿ, ಪೂರ್ತಿ ಹಿಂದಕ್ಕೆ ಹೊರಟಿತು.

"ಅಮ್ಮಾ!"

ಅತ್ತೆ ಕನ್ನಡಿಯಲ್ಲಿ ಅಳಿಯನ ಮುಖ ನೋಡಿದರು. ಆಮೇಲೆ ಯಾರ ಕೈಯ ಆಸರೆಯೂ ಇಲ್ಲದೆ ಇಳಿದು ನಿಂತು, ಹಿಂದಿನ ಕಿಟಕಿಗೆ ಬಗ್ಗಿ ಮೃದುವಾಗಿ ಹೇಳಿದರು.

"ಏನಿಲ್ಲ ಅಳಿಯಂದಿರೇ. ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ."