ಸಮುದ್ರದ ಸೊಪ್ಪು

‘ಗೊಬ್ಬರ’ ಎಂಬ ಮೂರಕ್ಷರವನ್ನು ಮೌನೇಶ ಅವತ್ತು ಬಾಯಿಬಿಟ್ಟು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಆದರೆ ಬಿಟಿಎಂ ಲೇಔಟಿನ ಆ ಮನೆಯಲ್ಲಿ ಆ ಮಾತೆತ್ತುವಂತಿರಲಿಲ್ಲ. ಬಾಡಿಗೆಗೆ ಬಂದ ದಿನವೇ ಓನರ್ ಚಿಕ್ಕಬೈರಪ್ಪ ಹೇಳಿಬಿಟ್ಟಿದ್ದರು.

"ಪಾಟ್ ಇಟ್ಕೊಳ್ಳಿ, ಬೇಡ ಅನ್ನಲ್ಲ. ಗೊಬ್ಬರ ಗಿಬ್ಬರ ತಂದು ಟೆರೇಸ್ ನಾರಿಸ್ಬೇಡಿ. ಮೂವತ್ತು ವರ್ಷ ಹೊಲಕ್ಕೆ ಅದನ್ನೇ ಹೊತ್ತಿದ್ದೀನಿ, ಸಾಕಾಗಿದೆ."

ಗೊಬ್ಬರವಿಲ್ಲದೆ ಹತ್ತು ಪಾಟಿನ ಪುಂಡಿ ಗಿಡಗಳು ಕಾಮಾಲೆ ಬಂದವರಂತೆ ಹಳದಿಯಾದವು. ಮೌನೇಶನ ಹೆಂಡತಿ ಭಾಗ್ಯಜ್ಯೋತಿ ಯಾದಗಿರಿಯ ತವರಿನಿಂದ ಸೆರಗಿನಲ್ಲಿ ಕಟ್ಟಿ ತಂದ ಬೀಜ ಅದು. ರೊಟ್ಟಿಗೆ ಪುಂಡಿಪಲ್ಯ ಇಲ್ಲದಿದ್ದರೆ ಅವಳಿಗೆ ಊಟ ಸೇರದು. ಈಗ ಓನರ್ ಬೇರೆ ಗಡುವು ಕೊಟ್ಟಿದ್ದರು. "ಈ ತಿಂಗಳೊಳಗೆ ಚಿಗುರದಿದ್ರೆ ತೆಗೀರಿ. ಸುಮ್ನೆ ಜಾಗ ದಂಡ."

ಆಫೀಸಿನ ಹೊನ್ನಾವರದ ಸೋಮನಾಥ್ ದಾರಿ ತೋರಿಸಿದ. "ಕಡಲ ಪಾಚಿ ಹಾಕು ಮಾರಾಯ. ಉಪ್ಪು ಹೋಗುವ ಹಾಗೆ ತೊಳೆದು ಬುಡಕ್ಕೆ ಮುಚ್ಚು, ಆಮೇಲೆ ನೋಡು." ಊರಿಗೆ ಹೋಗಿದ್ದವನು ಭಾನುವಾರ ಬೆಳಿಗ್ಗೆ ಒಂದು ಚೀಲ ತಂದೂ ಕೊಟ್ಟ.

ಮೌನೇಶ ಅದನ್ನು ಹೊಸ ಬಕೆಟ್ಟಿನಲ್ಲಿ ನೆನೆಹಾಕಿ ನಾಲ್ಕು ಸಲ ತೊಳೆದ. ತೆಳ್ಳಗೆ, ಹಸಿರು ಹಸಿರಾಗಿ, ನೋಡಲು ಚೆನ್ನಾಗಿಯೇ ಇತ್ತು. ವಾಸನೆ ಮಾತ್ರ ಮೀನು ಮಾರ್ಕೆಟ್ಟಿನದು. ಎದುರು ಟೆರೇಸಿನಲ್ಲಿ ವ್ಯಾಯಾಮ ಮಾಡುತ್ತಿದ್ದ ವಿಜಯಕುಮಾರ್ ಮೂಗರಳಿಸಿ ಓನರ್ ಹೆಂಡತಿ ಸೊಣ್ಣಮ್ಮನಿಗೆ ಫೋನ್ ಹಚ್ಚಿದ. "ಆಂಟಿ, ನಿಮ್ ಟೆರೇಸಲ್ಲಿ ಮೀನ್ ವಾಸನೆ. ಶ್ರಾವಣ ಅಲ್ವಾ, ಅದಕ್ಕೇ ಹೇಳ್ದೆ."

ಸೊಣ್ಣಮ್ಮ ಮೂಗಿಗೆ ಸೆರಗು ಹಿಡಿದು ಮೇಲೆ ಬಂದರು.

"ಶ್ರಾವಣದಲ್ಲಿ ಮೀನಾ? ನಿಜ ಹೇಳಿ, ನಮ್ಮೆಜಮಾನ್ರು ತರಿಸ್ಕೊಂಡ್ರಾ? ಹದಿನೈದು ದಿನದಿಂದ ಮೀನು ಮೀನು ಅಂತ ಒದ್ದಾಡ್ತವ್ರೆ."

"ಇಲ್ರೀ ಅಮ್ಮಾರೆ, ಇದು ಮೀನ ಅಲ್ರೀ."

"ಮತ್ತೇನು?"

ನಾಲಿಗೆ ತುದಿಗೆ ಬಂದ ಮೂರಕ್ಷರವನ್ನು ಮೌನೇಶ ನುಂಗಿಕೊಂಡ. "ಸೊಪ್ಪುರೀ. ಸಮುದ್ರದ ಸೊಪ್ಪು."

ಹಳೇ ಬೆಂಗಳೂರಿನ ಹಳ್ಳಿಮನೆಯ ಗೃಹಿಣಿಯ ಮುಂದೆ ಆಡಬಾರದ ಮಾತೆಂದರೆ ಇದೇ. ಹೊನಗೊನ್ನೆ, ಅಣ್ಣೆ, ಬೆರಕೆ, ಹೀಗೆ ಸೊಪ್ಪು ಎನಿಸಿಕೊಂಡ ಯಾವುದನ್ನೂ ಸೊಣ್ಣಮ್ಮ ಬಸ್ಸಾರು ಮಾಡದೆ ಬಿಟ್ಟವರಲ್ಲ. ಸೆರಗು ಮೂಗಿನಿಂದ ಕೆಳಗಿಳಿಯಿತು. ಒಂದು ಎಲೆ ಎತ್ತಿ ಹಿಸುಕಿ ನೋಡಿದರು.

"ಬಲ್ತಿಲ್ಲ, ಎಳೇದೈತೆ. ತೊಳೆದೂ ಇಟ್ಟಿದ್ದೀರ. ಇಷ್ಟೊಂದು ನೀವಿಬ್ರೇ ಏನ್ ಮಾಡ್ತೀರ? ಮಧ್ಯಾಹ್ನ ಇಬ್ರೂ ಊಟಕ್ಕೆ ಬನ್ನಿ."

ಮೌನೇಶ ಬಾಯಿ ತೆರೆಯುವಷ್ಟರಲ್ಲಿ ಬಕೆಟ್ ಮೆಟ್ಟಿಲಿಳಿದಿತ್ತು.

ಮಧ್ಯಾಹ್ನ ಮುದ್ದೆಯ ಪಕ್ಕದಲ್ಲಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿಸಿಕೊಂಡು, ಪುಂಡಿಯ ಪಾಲಿನ ಗೊಬ್ಬರ ಘಮಘಮಿಸುತ್ತಿತ್ತು. ಮೌನೇಶ ದೇವರ ಮೇಲೆ ಭಾರ ಹಾಕಿ ಮೊದಲ ತುತ್ತು ನುಂಗಿದ. ಅವನ ದುರದೃಷ್ಟ, ರುಚಿಯಾಗಿತ್ತು. ಭಾಗ್ಯಜ್ಯೋತಿ ಎರಡನೇ ಸಲ ಹಾಕಿಸಿಕೊಂಡಳು. ಚಿಕ್ಕಬೈರಪ್ಪ ಮೂರನೇ ಮುದ್ದೆ ಮುರಿಯುತ್ತ, ಹೆಂಡತಿ ಒಳಗೆ ಹೋದದ್ದನ್ನು ನೋಡಿ ಪಿಸುಗುಟ್ಟಿದರು. "ಮೀನ್ ಸಾರು ತಿಂದಂಗೇ ಆಯ್ತು ಗುರು. ವ್ರತಾನೂ ಕೆಡಲಿಲ್ಲ. ಶ್ರಾವಣ ಮುಗಿಯೋಗಂಟ ತರಿಸ್ತಾ ಇರು."

ಮುಚ್ಚಿಟ್ಟಷ್ಟೂ ಕಷ್ಟವೆಂದು ಮೌನೇಶ ಧೈರ್ಯ ಮಾಡಿದ. "ಸಾಹೇಬ್ರ, ತಪ್ಪಾತ್ರಿ. ಅದು ಗೊಬ್ಬರರೀ. ಗಿಡಕ್ಕ ತಂದಿದ್ದೆ."

ಚಿಕ್ಕಬೈರಪ್ಪ ಹೊಟ್ಟೆ ಹಿಡಿದು ನಕ್ಕರು. "ತರಿಸೋಕೆ ಸೋಮಾರಿತನ ಅಂತ ಹೇಳಪ್ಪ. ಇಷ್ಟು ರುಚಿಯಾಗಿರೋದನ್ನ ಯಾರಾದ್ರೂ ಗಿಡಕ್ಕೆ ಹಾಕ್ತಾರಾ? ಮೂವತ್ತು ವರ್ಷ ಗೊಬ್ಬರ ಹೊತ್ತೋನಿಗೆ ಗೊಬ್ಬರ ಯಾವ್ದು ಅಂತ ಹೇಳ್ಕೊಡ್ತೀಯಾ?"

ಕೈ ತೊಳೆದು ಬಂದವರು ಮೌನೇಶನ ಹೆಗಲು ತಟ್ಟಿದರು.

"ನಾಲ್ಕು ಚೀಲ ಒಟ್ಟಿಗೇ ತರಿಸ್ಬಿಡು, ಒಣಗಿಸಿ ಇಟ್ಕೊಳ್ಳೋಣ. ಬಿಸಿಲು ಬೀಳೋ ಜಾಗ ಟೆರೇಸ್ ಒಂದೇ. ಸಂಜೆಯೊಳಗೆ ಆ ನಿನ್ನ ಪಾಟ್‌ಗಳನ್ನೆಲ್ಲ ತೆಗೆದ್ಬಿಡು."