ಅತ್ತೆಯ ಬಲಗೆನ್ನೆ, ಎಡಗೆನ್ನೆ

‘೧೯೬೩, ಜೂನ್ ೧೨. ಅತ್ತೆಯ ಬಲಗೆನ್ನೆಯ ಒಳಗೆ ಬಿಳಿ ಮಚ್ಚೆ. ಕ್ಯಾನ್ಸರ್ ಇರಬಹುದೆಂದು ಡಾಕ್ಟರಿಗೆ ಸಂಶಯ.’ ನನ್ನ ಹಳೆಯ ಡೈರಿಯಲ್ಲಿ ಹೀಗುಂಟು. ಅತ್ತೆಯೊಂದಿಗೆ ಹೊರಗೆ ಹೋದರೆ ನಗುವಂಥದ್ದೊಂದು ನಡೆದೇ ನಡೆಯುತ್ತಿತ್ತು. ಹೆದರಿಕೆಯ ಆ ದಿನಗಳಲ್ಲೂ ತಪ್ಪಲಿಲ್ಲ. ನಮ್ಮ ಕಾಪುವಿನ ಮನೆಯಲ್ಲಿ ಬಿ.ಎ. ಮಾಡಿದವಳು ನಾನೊಬ್ಬಳೇ. ಹಾಗಾಗಿ ಆಸ್ಪತ್ರೆಯ ಉಸ್ತುವಾರಿ ನನ್ನದು.

ಬರೀ ಬಾಯಿ

ಮಚ್ಚೆಯ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕಿತ್ತು. ಅತ್ತೆಯ ಬಾಯಿ ತೊಳೆಸಿಯೇ ಉಡುಪಿಯ ಆಸ್ಪತ್ರೆಗೆ ಕರೆತಂದಿದ್ದೆ. ಡಾಕ್ಟರ ಮುಂದೆ ಬಾಯಿ ತೆರೆದರೆ ಒಳಗೆಲ್ಲ ಕೆಂಪು. ಅಲ್ಲಿಯ ಜಗಲಿಯಲ್ಲಿ ಕುಳಿತಲ್ಲೇ ಎಲೆಯಡಿಕೆ, ಹೊಗೆಸೊಪ್ಪು ಹಾಕಿಯಾಗಿತ್ತು.

“ದೊಡ್ಡವರ ಎದುರು ಬರೀ ಬಾಯಲ್ಲಿ ಕೂರುವುದುಂಟಾ?” ಎಂದು ಅತ್ತೆ ತಮ್ಮ ಎಲೆಪೆಟ್ಟಿಗೆಯನ್ನು ಡಾಕ್ಟರತ್ತ ಸರಿಸಿದರು. ಡಾಕ್ಟರು ಮರ್ಯಾದೆಗೆ ಒಂದೆಲೆ ತೆಗೆದುಕೊಂಡ ಮೇಲೆಯೇ ಅತ್ತೆ ಎದ್ದು ಬಾಯಿ ತೊಳೆದದ್ದು.

ಮಡಿಲಲ್ಲಿ ಬಾಟ್ಲಿ

ಕತ್ತರಿಸಿದ ಚೂರನ್ನು ಮದ್ದುನೀರಿನ ಬಾಟ್ಲಿಯಲ್ಲಿ ಹಾಕಿ, ಮಣಿಪಾಲಕ್ಕೆ ಮುಟ್ಟಿಸಲು ನನ್ನ ಕೈಗೇ ಕೊಟ್ಟರು. ಬಸ್ಸಿನಲ್ಲಿ ಕಂಡಕ್ಟರ್ ಅದೆಂತ ಎಂದು ಕೇಳಿದ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಅತ್ತೆಯ ಬಾಯಿಯಿಂದ ಕತ್ತರಿಸಿದ ಮಾಂಸ ಎಂದೆ. ಪಕ್ಕದ ಇಬ್ಬರು ಎದ್ದು ಹಿಂದೆ ಹೋದರು. ಕಂಡಕ್ಟರ್ ಟಿಕೆಟು ಹರಿಯುತ್ತಾ ಮೆಲ್ಲಗೆ ಹೇಳಿದ:

“ಸೊಸೆಯಂದಿರು ತುಂಬಾ ಮಂದಿಯನ್ನು ನೋಡಿದ್ದೇನೆ ಅಮ್ಮ. ಇಷ್ಟು ಧೈರ್ಯ ಯಾರಿಗೂ ಇರಲಿಲ್ಲ.”

ಆಚೆಯದ್ದು, ಈಚೆಯದ್ದು

ಉತ್ತರ ಬರುವವರೆಗೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಕೊನೆಗೆ ಬಂತು: ಕ್ಯಾನ್ಸರ್ ಅಲ್ಲ. ಆದರೆ ಹೊಗೆಸೊಪ್ಪು ಬಿಡದಿದ್ದರೆ ಮುಂದೆ ಆಗಬಹುದು. ಡಾಕ್ಟರು ಬಲಗೆನ್ನೆ ಮುಟ್ಟಿ ತೋರಿಸಿ, ಇಲ್ಲಿ ಇನ್ನು ಇಡಬಾರದು ಎಂದರು. ಅತ್ತೆ ದೇವರ ಮೇಲೆ ಆಣೆಯಿಟ್ಟರು.

ಆರು ತಿಂಗಳ ಮೇಲೆ ನೋಡಿದರೆ ಬಲಗೆನ್ನೆ ಶುಭ್ರ. ಡಾಕ್ಟರು ಹೊಗಳಿದರು, ನಾನೂ ಬೀಗಿದೆ. ಹಾಗೇ ಬಾಯೊಳಗಿನ ಪುಟ್ಟ ಕನ್ನಡಿಯನ್ನು ಡಾಕ್ಟರು ಎಡಕ್ಕೆ ತಿರುಗಿಸಿದರು. ಅಲ್ಲೊಂದು ಹೊಸ ಬಿಳಿ ಮಚ್ಚೆ.

“ಎಂತ ಅಮ್ಮ ಇದು? ಆಣೆ ಹಾಕಿದ್ದಿರಿ ಅಲ್ವಾ?”

“ಆಣೆ ಆಚೆಯದ್ದಕ್ಕೆ. ಈಚೆಯದ್ದರ ಸುದ್ದಿಯನ್ನು ನೀವು ಎತ್ತಲೇ ಇಲ್ಲ.”

ಮತ್ತೆ ಚೂರು, ಮತ್ತೆ ಬಾಟ್ಲಿ, ಮತ್ತೆ ಊಟ ಸೇರದ ದಿನಗಳು. ಅದೂ ಕ್ಯಾನ್ಸರ್ ಅಲ್ಲ. ಈ ಸಲ ಡಾಕ್ಟರು ಎಡ, ಬಲ, ನಾಲಗೆಯಡಿ, ತುಟಿಯ ಸಂದು ಎಂದು ಒಂದೊಂದನ್ನೂ ಹೆಸರು ಹೇಳಿ ನಿಷೇಧಿಸಿದರು. ಅತ್ತೆ ಪೂರ್ತಿ ಕೇಳಿಸಿಕೊಂಡು ಹೇಳಿದರು:

“ಇದನ್ನೇ ಮೊದಲು ಹೇಳಿದ್ದರೆ ನನ್ನ ಒಂದು ಚೂರು ಮಾಂಸ ಉಳಿಯುತ್ತಿತ್ತಲ್ಲ ಮಾರಾಯ್ರೇ.”

ಒಟ್ಟು ಖರ್ಚು: ಮಾಂಸದ ಚೂರು ಎರಡು, ಹೊಲಿಗೆ ನಾಲ್ಕು, ಹಿತ್ತಾಳೆಯ ಎಲೆಪೆಟ್ಟಿಗೆ ಒಂದು. ಪೆಟ್ಟಿಗೆಯಲ್ಲಿ ಈಗ ನನ್ನ ಸೂಜಿ-ದಾರ ಉಂಟು.